ತರಿಯೋ, ಒರಟೋ? ‘ಕೋರ್ಸ್’ ಎಂಬ ಪದದ ಕಥೆ

ಮಕ್ಕಳೇ, ವಿಜ್ಞಾನ ಪಾಠದಲ್ಲಿ ‘ಕೋರ್ಸ್ ಸ್ಯಾಂಡ್’, ‘ಕೋರ್ಸ್ ಗ್ರೇನ್ಡ್ ರಾಕ್’ ಎಂಬ ಮಾತು ಬಂದಾಗ ನಿಮ್ಮಲ್ಲಿ ಕೆಲವರಿಗೆ ಕಂಪ್ಯೂಟರ್ ಕೋರ್ಸ್ ನೆನಪಾಗುತ್ತದೆ. ತಪ್ಪೇನಿಲ್ಲ, ಕಿವಿಗೆ ಎರಡೂ ಒಂದೇ. ಬರೆಯುವಾಗ ಮಾತ್ರ ಬೇರೆ. ಓದುವ ಕೋರ್ಸ್‌ನಲ್ಲಿ ‘ಓ’ ಆದ ಮೇಲೆ ‘ಯು’ ಬರುತ್ತದೆ; ನಾವು ಈಗ ಹೇಳುತ್ತಿರುವ ಕೋರ್ಸ್‌ನಲ್ಲಿ ‘ಓ’ ಆದ ಮೇಲೆ ‘ಎ’ ಬರುತ್ತದೆ. ಈ ಒಂದು ಅಕ್ಷರ ತಪ್ಪಿದರೆ ಅರ್ಥವೇ ಬೇರೆ ಆಗಿಬಿಡುತ್ತದೆ.

ಅರ್ಥ ತಿಳಿಯಲು ಅಡುಗೆಮನೆಗೆ ಹೋಗೋಣ. ಉಪ್ಪಿಟ್ಟಿಗೆ ಹಾಕುವ ಬನ್ಸಿ ರವೆಯನ್ನು ಬೆರಳಲ್ಲಿ ಹಿಡಿದು ಉಜ್ಜಿ. ಆಮೇಲೆ ಚಿರೋಟಿ ರವೆಯನ್ನು ಉಜ್ಜಿ. ಎರಡೂ ಗೋಧಿಯದ್ದೇ. ಮೊದಲನೆಯದು ತರಿತರಿ, ಎರಡನೆಯದು ನುಣ್ಣಗೆ. ತರಿತರಿಯಾದದ್ದು ಕೋರ್ಸ್, ನುಣ್ಣಗಿರುವುದು ಫೈನ್. ನಮ್ಮ ಊರುಗಳಲ್ಲಿ ಪಕ್ಕದ ಮನೆಯವರು ತೆಲುಗಿನಲ್ಲಿ ದಪ್ಪ ಅಕ್ಕಿಗೆ, ದಪ್ಪ ಬಟ್ಟೆಗೆ ‘ಮುತಕ’ ಅನ್ನುವುದನ್ನು ನೀವು ಕೇಳಿದ್ದೀರಲ್ಲ? ಅದೂ ಇದೇ ಅರ್ಥ.

ಹಾಗಾದರೆ ‘ರಫ್’ ಅಂದರೇನು? ಅದೂ ಒರಟೇ ಅಲ್ಲವಾ ಎಂದು ಕೇಳಬಹುದು. ಇಲ್ಲೇ ವಿಜ್ಞಾನ ಬರುವುದು. ರಫ್ ಎನ್ನುವುದು ಮೇಲ್ಮೈಯ ಗುಣ. ಕೋರ್ಸ್ ಎನ್ನುವುದು ಮುಖ್ಯವಾಗಿ ಕಣದ ಅಥವಾ ಎಳೆಯ ಗಾತ್ರದ ಮಾತು. ರಾಯದುರ್ಗದ ಕೋಟೆ ಬೆಟ್ಟದ ಗ್ರಾನೈಟ್ ಬಂಡೆ ನೋಡಿ. ಬಿಳಿ ಅಥವಾ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್, ಗಾಜಿನಂತಹ ಕ್ವಾರ್ಟ್ಸ್, ಮಿಣುಗುವ ಕಪ್ಪು ಅಭ್ರಕ, ಇವೆಲ್ಲ ಬರಿಗಣ್ಣಿಗೇ ಕಾಣುತ್ತವೆ. ಭೂಮಿಯ ಆಳದಲ್ಲಿ ಶಿಲಾರಸ ಬಹಳ ನಿಧಾನವಾಗಿ ತಣಿದದ್ದರಿಂದ ಹರಳುಗಳು ದೊಡ್ಡದಾಗಿ ಬೆಳೆಯಲು ಸಮಯ ಸಿಕ್ಕಿತು. ಭೂಮಿಯ ಮೇಲೆ ಬೇಗ ತಣಿದ ಬಸಾಲ್ಟ್‌ನಲ್ಲಿ ಹರಳುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಈಗ ಅದೇ ಗ್ರಾನೈಟನ್ನು ಪಾಲಿಶ್ ಮಾಡಿ ನೆಲಕ್ಕೆ ಹಾಕಿದರೆ ಕಾಲು ಜಾರುವಷ್ಟು ನುಣುಪು. ಅದು ರಫ್ ಅಲ್ಲ; ಆದರೂ ‘ಕೋರ್ಸ್ ಗ್ರೇನ್ಡ್’ ಬಂಡೆಯೇ! ಪರೀಕ್ಷೆಯಲ್ಲಿ ಈ ವ್ಯತ್ಯಾಸ ನೆನಪಿರಲಿ.

ಮಣ್ಣಿನಲ್ಲಂತೂ ಈ ಪದಕ್ಕೆ ಅಳತೆಯೇ ಇದೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ 2 ಮಿ.ಮೀ.ನಿಂದ 0.2 ಮಿ.ಮೀ.ವರೆಗಿನ ಕಣ ಕೋರ್ಸ್ ಸ್ಯಾಂಡ್, ಅಂದರೆ ದಪ್ಪ ಮರಳು. 0.2ರಿಂದ 0.02 ಮಿ.ಮೀ.ವರೆಗೆ ಸಣ್ಣ ಮರಳು. 0.002 ಮಿ.ಮೀ.ಗಿಂತ ಚಿಕ್ಕದು ಜೇಡಿ. ನಮ್ಮ ಕಡೆಯ ಕೆಂಪು ಮರಳು ಮಣ್ಣಿನಲ್ಲಿ ದಪ್ಪ ಕಣಗಳು ಹೆಚ್ಚು. ಸಡಿಲವಾಗಿರುವುದರಿಂದ ಶೇಂಗಾ ಗಿಡದ ಊಡು ಸುಲಭವಾಗಿ ಮಣ್ಣಿಗಿಳಿದು ಕಾಯಿ ಕಟ್ಟುತ್ತದೆ. ಆದರೆ ಕಣಗಳ ನಡುವೆ ಸಂದು ದೊಡ್ಡದು, ನೀರು ಬೇಗ ಬಸಿದುಹೋಗುತ್ತದೆ. ಅದಕ್ಕೇ ಮಳೆ ನಾಲ್ಕು ದಿನ ತಡವಾದರೂ ಅಪ್ಪ ಆಕಾಶ ನೋಡುವುದು. ಎರೆಮಣ್ಣಿನ ಹೊಲದವರಿಗೆ ಅಷ್ಟು ಬೇಗ ಆ ಚಿಂತೆ ಇಲ್ಲ.

ಮನೆಯಲ್ಲಿ ಮಾಡಿ ನೋಡಿ: ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಹೊಲದ ಮಣ್ಣು ಹಾಕಿ, ನೀರು ತುಂಬಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಇಟ್ಟುಬಿಡಿ. ದಪ್ಪ ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ಗೋಡು ಕೂರಲು ಗಂಟೆಗಳು ಬೇಕು. ಜೇಡಿಯ ಕದಡು ಮಾರನೇ ದಿನವೂ ಉಳಿದಿರಬಹುದು. ಪದರಗಳನ್ನು ಸ್ಕೇಲಿನಿಂದ ಅಳೆದು ಬರೆದುಕೊಂಡು ಬನ್ನಿ.

ಕೊನೆಗೊಂದು ಮಾತು. ಇಂಗ್ಲಿಷಿನಲ್ಲಿ ಈ ಪದಕ್ಕೆ ‘ಸಾಧಾರಣ, ಕೀಳು, ಅಸಭ್ಯ’ ಎಂಬ ಅರ್ಥವೂ ಇದೆ. ಕೆಟ್ಟ ಮಾತಿಗೆ ‘ಕೋರ್ಸ್ ಲ್ಯಾಂಗ್ವೇಜ್’ ಅನ್ನುತ್ತಾರೆ. ನಮ್ಮ ರಾಗಿ, ಜೋಳ, ಸಜ್ಜೆ, ನವಣೆಗಳನ್ನು ಬಹುಕಾಲ ‘ಕೋರ್ಸ್ ಸಿರಿಯಲ್ಸ್’ ಎಂದೇ ಬರೆಯುತ್ತಿದ್ದರು. ರಾಗಿ ಕಾಳನ್ನು ಅಂಗೈಯಲ್ಲಿಟ್ಟು ನೋಡಿ, ಅಕ್ಕಿಗಿಂತ ಎಷ್ಟು ಸಣ್ಣದು! ಕಣದ ಗಾತ್ರ ನೋಡಿದರೆ ಆ ಹೆಸರು ಹೊಂದುವುದೇ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಈ ಧಾನ್ಯಗಳನ್ನು ‘ನ್ಯೂಟ್ರಿ ಸಿರಿಯಲ್ಸ್’, ಅಂದರೆ ಪೌಷ್ಟಿಕ ಧಾನ್ಯಗಳು ಎಂದು ಘೋಷಿಸಿತು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು.

ಹೀಗಾಗಿ ಹಳೆಯ ಪುಸ್ತಕದಲ್ಲಿ ರಾಗಿಗೆ ‘ಕೋರ್ಸ್’ ಎಂದಿದ್ದರೆ ಅದು ವಿಜ್ಞಾನದ ಅಳತೆ ಅಲ್ಲ, ಯಾರೋ ಇಟ್ಟ ಬೆಲೆ. ಮರಳಿಗೆ ಆ ಪದ ಸರಿ, ರವೆಗೆ ಸರಿ, ಬಂಡೆಗೂ ಸರಿ. ನೀವು ಬುತ್ತಿಯಲ್ಲಿ ತರುವ ಮುದ್ದೆಗೆ ಬೇಡ. ಅದನ್ನು ಮುಚ್ಚಿಟ್ಟುಕೊಂಡು ತಿನ್ನಬೇಕಾಗಿಯೂ ಇಲ್ಲ.