ಪೌಲನ ಓಟ

ಬದುಕನ್ನು ಯಾತ್ರೆ ಅನ್ನುವುದು ನಮಗೆಲ್ಲ ರೂಢಿ. ಪಂಢರಪುರಕ್ಕೆ ವಾರಕರಿಗಳು ನಡೆದೇ ಹೋಗುತ್ತಾರೆ. ಆ ನಡಿಗೆಯೇ ಅವರ ಭಕ್ತಿ. ಓಟ ಅಂದರೆ ಮಾತ್ರ ಮುಂಬಯಿಯಲ್ಲಿರುವ ನಮ್ಮ ಮನಸ್ಸಿಗೆ ಬರುವ ಚಿತ್ರವೇ ಬೇರೆ. ಬೆಳಿಗ್ಗೆ ದಾದರ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಧಾನವಾಗಿ ನಡೆಯುವವರು ಯಾರಿದ್ದಾರೆ? ಲೋಕಲ್ ತಪ್ಪೀತು, ಹಾಜರಿ ತಪ್ಪೀತು, ಪಕ್ಕದವನು ಮುಂದೆ ಹೋದಾನು ಎಂಬ ಅಂಜಿಕೆಯ ಓಟ ಅದು. ಹಾಗಾಗಿ ಬೈಬಲಿನಲ್ಲಿ ನಂಬಿಕೆಯ ಬಾಳನ್ನು ಓಟಕ್ಕೆ ಹೋಲಿಸಿದ್ದಾರೆ ಅಂತ ನಾನು ಹೇಳಿದಾಗ ನಮ್ಮ ಸಂಘದ ಗೆಳೆಯನೊಬ್ಬ, "ಅಲ್ಲಯ್ಯಾ, ದೇವರ ಹತ್ತಿರವೂ ರ‍್ಯಾಂಕ್ ಉಂಟೇನು?" ಅಂದ. ತಮಾಷೆಗೆ ಕೇಳಿದ್ದೇ ಸರಿ. ಆದರೆ ಕ್ರೈಸ್ತ ಮನೆಯಲ್ಲಿ ಬೆಳೆದ ನನಗೆ ಅದು ಸುಮ್ಮನೆ ಬಿಡುವ ಪ್ರಶ್ನೆಯಲ್ಲ. ಈ ಹೋಲಿಕೆಯನ್ನು ತಪ್ಪಾಗಿ ಹಿಡಿದರೆ ಪ್ರಾರ್ಥನೆಯೂ ಇನ್ನೊಂದು ಪರೀಕ್ಷೆಯಾಗಿಬಿಡುತ್ತದೆ; ಪಾಸಾಗದವನಿಗೆ ದೇವರೂ ಇಲ್ಲ ಅನ್ನುವಂತಾಗುತ್ತದೆ.

ಮೊದಲು ಹೋಲಿಕೆ ಹುಟ್ಟಿದ್ದೆಲ್ಲಿ ಅಂತ ನೋಡೋಣ. ಯೇಸುವಿನ ಸಂದೇಶವನ್ನು ಊರೂರಿಗೆ ಒಯ್ದ ಪೌಲ ಕ್ರಿ.ಶ. 50ರ ಸುಮಾರಿಗೆ ಗ್ರೀಸಿನ ಕೊರಿಂಥ ಪಟ್ಟಣಕ್ಕೆ ಬಂದು ಅಲ್ಲಿ ಒಂದೂವರೆ ವರ್ಷ ನಿಂತ. ಡೇರೆ ಮಾಡುವುದು ಅವನ ಕಸಬು. ಆ ಪಟ್ಟಣಕ್ಕೆ ಹತ್ತಿರದ ಇಸ್ತ್ಮಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು. ಮುಖ್ಯ ಓಟದ ದೂರ 600 ಗ್ರೀಕ್ ಅಡಿ, ನಮ್ಮ ಲೆಕ್ಕದಲ್ಲಿ 200 ಮೀಟರಿಗಿಂತ ಸ್ವಲ್ಪ ಕಡಿಮೆ. ಗೆದ್ದವನ ತಲೆಗೆ ಪೈನ್ ಎಲೆಯದೋ ಸೆಲರಿ ಸೊಪ್ಪಿನದೋ ಒಂದು ಕಿರೀಟ. ಎರಡನೆಯವನಿಗೆ ಕಿರೀಟವಿಲ್ಲ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 9ನೇ ಅಧ್ಯಾಯದಲ್ಲಿ ಪೌಲ ಇದನ್ನೇ ಎತ್ತಿಕೊಳ್ಳುತ್ತಾನೆ. ಬಾಡಿಹೋಗುವ ಸೊಪ್ಪಿಗಾಗಿ ಓಟಗಾರ ಊಟ ನಿದ್ದೆಗಳಲ್ಲಿ ಅಷ್ಟು ಹಿಡಿತದಲ್ಲಿರುತ್ತಾನಲ್ಲ, ಬಾಡದ ಕಿರೀಟ ಬೇಕೆನ್ನುವವನು ಹೇಗಿರಬೇಕು ಅನ್ನುವುದು ಅವನ ವಾದ. ಒಲಿಂಪಿಯಾದ ಪಂದ್ಯಗಳಲ್ಲಿ, ಹತ್ತು ತಿಂಗಳು ನೇಮದಿಂದ ಅಭ್ಯಾಸ ಮಾಡಿದ್ದೇವೆ ಅಂತ ಸ್ಪರ್ಧಿಗಳು ದೇವರ ಮುಂದೆ ಆಣೆ ಇಡಬೇಕಿತ್ತು. ಪಂದ್ಯ ಒಂದು ನಿಮಿಷವೂ ಇಲ್ಲ, ತಯಾರಿ ಹತ್ತು ತಿಂಗಳು! ಪೌಲನ ಕಣ್ಣಿರುವುದು ಈ ತಯಾರಿಯ ಮೇಲೆ. ಗ್ರೀಕಿನ 'ಆಸ್ಕೆಸಿಸ್' ಎಂಬ ಮಾತು ಅಂಗಸಾಧಕರ ಅಭ್ಯಾಸಕ್ಕೆ ಇದ್ದದ್ದು, ಮುಂದೆ ಸಂನ್ಯಾಸಿಗಳ ತಪಸ್ಸಿಗೂ ಸಂದಿತು. ನಮ್ಮಲ್ಲೂ ಹಾಗೇ ಅಲ್ಲವೆ? ಗರಡಿಯಲ್ಲಿ ಸಾಮು ಮಾಡುವವನದೂ ಸಾಧನೆ, ಜಪಕ್ಕೆ ಕೂತವನದೂ ಸಾಧನೆ.

ದಿನಾ ಓಡುವವರನ್ನು ಕೇಳಿ ನೋಡಿ. ಮೊದಲ ಕೆಲವು ನಿಮಿಷ ಏದುಸಿರು, ಕಾಲು ಭಾರ. ಮೈಗೆ ಬೇಕಾದಷ್ಟು ಪ್ರಾಣವಾಯು ಒದಗಿಸಲು ಹೃದಯಕ್ಕೂ ಶ್ವಾಸಕೋಶಕ್ಕೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಲ್ಲೇ ನಿಂತುಬಿಟ್ಟವನಿಗೆ ಓಟದ ಹದ ಗೊತ್ತಾಗುವುದೇ ಇಲ್ಲ. ಪ್ರಾರ್ಥನೆಯೂ ಅಷ್ಟೆ. ನಮ್ಮಪ್ಪ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಮುಂಚೆ ಎದ್ದು ಒಂದು ಅಧ್ಯಾಯ ಓದಿ ಪ್ರಾರ್ಥನೆಗೆ ಕೂಡುತ್ತಾರೆ. "ದಿನಾ ಮನಸ್ಸು ನಿಲ್ಲುತ್ತಾ ಅಪ್ಪಾ?" ಅಂತ ಒಮ್ಮೆ ಕೇಳಿದೆ. "ಎಲ್ಲಿ ನಿಲ್ಲುತ್ತೆ? ಮುಕ್ಕಾಲು ದಿನ ನಿಲ್ಲೋದಿಲ್ಲ. ಆದರೂ ಕೂತಿರ್ತೀನಿ" ಅಂದರು. ಮನಸ್ಸಿಲ್ಲದ ದಿನವೂ ಷೂ ಕಟ್ಟಿಕೊಂಡು ಹೊರಡುವ ಓಟಗಾರ ಈ ಮಾತನ್ನು ಒಪ್ಪುತ್ತಾನೆ.

ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗ್ರೀಕ್ ಓಟಗಾರರು ಮೈಮೇಲೆ ಬಟ್ಟೆಯೂ ಇಲ್ಲದೆ ಓಡುತ್ತಿದ್ದರು. ಹಾಗೇ ನಂಬಿದವರೂ ಎಲ್ಲ ಭಾರವನ್ನೂ ಪಾಪವನ್ನೂ ತೆಗೆದಿಡಬೇಕು ಅನ್ನುತ್ತದೆ ಪತ್ರ. ಭಾರ ಬೇರೆ, ಪಾಪ ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸಿದೆ. ಅಂದರೆ ಪಾಪವಲ್ಲದ ಭಾರವೂ ಉಂಟು: ಹೊಗಳಿಕೆಯ ಆಸೆ, ನಾಳೆಯ ಚಿಂತೆ, ಹತ್ತು ಕೆಲಸಕ್ಕೆ ಒಟ್ಟಿಗೆ ಕೈಹಾಕುವ ಚಪಲ. ಕೋಟು ಹಾಕಿಕೊಳ್ಳುವುದು ತಪ್ಪಲ್ಲ, ಹಾಕಿಕೊಂಡು ಓಡುವುದು ಕಷ್ಟ. ಇನ್ನು ಸುತ್ತ ನೋಡುತ್ತಿರುವವರು ಯಾರು? ಹಿಂದಿನ ಅಧ್ಯಾಯದಲ್ಲಿ ಹೆಸರು ಬಂದ ಅಬ್ರಹಾಮ, ಮೋಶೆ ಮೊದಲಾದವರು; ಇದೇ ಹಾದಿಯಲ್ಲಿ ಮುಂಚೆ ಓಡಿದವರು.

ಈಗ ಗೆಳೆಯನ ರ‍್ಯಾಂಕಿನ ಮಾತಿಗೆ ಬರೋಣ. ಯಾವ ಹೋಲಿಕೆಯೂ ಕೊನೆಯವರೆಗೆ ಹೊಂದುವುದಿಲ್ಲ. ಎಲ್ಲಿ ಹೊಂದುವುದಿಲ್ಲವೋ ಅಲ್ಲೇ ನಾವು ಎಚ್ಚರವಾಗಿರಬೇಕು. ಮೈದಾನದಲ್ಲಿ ಒಬ್ಬನಿಗೇ ಕಿರೀಟ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ 4ನೇ ಅಧ್ಯಾಯದಲ್ಲಿ, ಓಟ ಮುಗಿಸಿದೆ ಅಂದ ಬೆನ್ನಿಗೇ, ಕಿರೀಟ ನನಗೊಬ್ಬನಿಗೇ ಅಲ್ಲ, ಕರ್ತನ ಬರವನ್ನು ಪ್ರೀತಿಸುವವರಿಗೆಲ್ಲ ಎಂಬ ಮಾತಿದೆ. ಇಲ್ಲಿ ಪಕ್ಕದವನು ಎದುರಾಳಿಯಲ್ಲ; ಅವನು ಎಡವಿದರೆ ನಿಂತು ಎತ್ತಿದವನು ಸೋತವನಲ್ಲ. ಅಷ್ಟೇ ಅಲ್ಲ. ರೋಮದವರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ ಪೌಲ, ಎಲ್ಲವೂ ನಿಂತಿರುವುದು ಓಡುವವನ ಓಟದ ಮೇಲಲ್ಲ, ದೇವರ ಕರುಣೆಯ ಮೇಲೆ ಅನ್ನುತ್ತಾನೆ. ಕರುಣೆ ಮೊದಲು, ಓಟ ಆಮೇಲೆ. ಓಡಿ ದೇವರನ್ನು ಸಂಪಾದಿಸುವುದಿಲ್ಲ; ಸಿಕ್ಕಿದ ಸಂತೋಷಕ್ಕೆ ಓಡುವುದು.

ಇದನ್ನು ಬಾಳಿ ತೋರಿಸಿದವನು ಎರಿಕ್ ಲಿಡೆಲ್. ಸ್ಕಾಟ್ಲೆಂಡಿನ ಮಿಷನರಿ ದಂಪತಿಗಳ ಮಗ, 1902ರಲ್ಲಿ ಚೀನಾದಲ್ಲಿ ಹುಟ್ಟಿದ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅವನ ಮೆಚ್ಚಿನ 100 ಮೀಟರ್ ಓಟದ ಹೀಟ್ಸ್ ಭಾನುವಾರ ಬಿತ್ತು. ಅದು ದೇವರ ದಿನ, ಓಡುವುದಿಲ್ಲ ಅಂದ. 1981ರ 'ಚಾರಿಯಟ್ಸ್ ಆಫ್ ಫೈರ್' ಚಿತ್ರದಲ್ಲಿ ಅವನಿಗೆ ಈ ಸುದ್ದಿ ಹಡಗು ಹತ್ತುವಾಗ ಗೊತ್ತಾಗುತ್ತದೆ. ನಿಜಕ್ಕೂ ಅದು ತಿಂಗಳುಗಟ್ಟಲೆ ಮುಂಚೆಯೇ ಅವನಿಗೆ ತಿಳಿದಿತ್ತು. ಆ ತಿಂಗಳುಗಳನ್ನು 400 ಮೀಟರಿನ ಅಭ್ಯಾಸಕ್ಕೆ ಕೊಟ್ಟು, 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದ. ಮರುವರ್ಷವೇ ಚೀನಾಕ್ಕೆ ಹೋಗಿ ಮೇಷ್ಟರಾದ. ಯುದ್ಧಕಾಲದಲ್ಲಿ ಜಪಾನೀಯರು 1943ರಲ್ಲಿ ಅವನನ್ನು ವೇಹ್ಸಿಯನ್ ಬಂದಿಶಿಬಿರದಲ್ಲಿಟ್ಟರು. ಅಲ್ಲಿ ಮಕ್ಕಳಿಗೆ ಪಾಠ ಹೇಳಿದ, ಆಟ ಆಡಿಸಿದ. ಭಾನುವಾರ ಮಾತ್ರ ಆಟ ಬೇಡ ಅನ್ನುತ್ತಿದ್ದ. ಆದರೆ ನೋಡಿಕೊಳ್ಳುವವರಿಲ್ಲದೆ ಹುಡುಗರು ಆ ದಿನ ಹಾಕಿಯಾಡಲು ಹೋಗಿ ಜಗಳಕ್ಕಿಳಿದಾಗ, ಮುಂದಿನ ಭಾನುವಾರ ತಾನೇ ರೆಫ್ರಿಯಾಗಿ ನಿಂತ. ಒಲಿಂಪಿಕ್ ಪದಕಕ್ಕೆ ಬಿಡದ ನೇಮವನ್ನು ಹುಡುಗರಿಗಾಗಿ ಬಿಟ್ಟ. ನೇಮ ಯಾಕೆ ಅಂತ ಬಲ್ಲವನಿಗೆ ಮಾತ್ರ ಹೀಗೆ ಬಿಡಲು ಸಾಧ್ಯ ಅಂತ ನನಗನ್ನಿಸುತ್ತದೆ. 1945ರ ಫೆಬ್ರವರಿ 21ರಂದು, ಮೆದುಳಿನ ಗಡ್ಡೆಯಿಂದ, ಆ ಶಿಬಿರದಲ್ಲೇ ತೀರಿಕೊಂಡ. ಆಗ ಅವನಿಗೆ 43 ವರ್ಷ.

ಪೌಲನೂ ಫಿಲಿಪ್ಪಿಯವರಿಗೆ ಪತ್ರ ಬರೆದದ್ದು ಸೆರೆಯಿಂದ. ಕಾವಲಿನಲ್ಲಿದ್ದ ಮನುಷ್ಯ, ಹಿಂದಿನದನ್ನು ಮರೆತು ಗುರಿಯ ಕಡೆಗೆ ಧಾವಿಸುತ್ತಿದ್ದೇನೆ ಅಂತ ಬರೆಯುತ್ತಾನೆ. ಓದುವಾಗ ಮೊದಲು ನಗು ಬರುತ್ತದೆ, ಆಮೇಲೆ ಅರ್ಥವಾಗುತ್ತದೆ. ಈ ಓಟಕ್ಕೆ ಕಾಲೂ ಬೇಕಿಲ್ಲ, ಮೈದಾನವೂ ಬೇಕಿಲ್ಲ. ಹಾಸಿಗೆ ಹಿಡಿದ ಮುದುಕಿ ಓಡಬಲ್ಲಳು. ಈ ಸಲ ನಪಾಸಾಗಿ, ಊರಿಗೆ ಹೇಗೆ ಮುಖ ತೋರಿಸಲಿ ಅಂತ ಹಾಸ್ಟೆಲಿನಲ್ಲಿ ಕೂತ ಹುಡುಗನೂ ಓಡಬಲ್ಲ. ಅವನ ಹೆಸರನ್ನು ಈ ಓಟದಿಂದ ಯಾರೂ ಹೊಡೆದುಹಾಕಿಲ್ಲ.