‘ಕೊಂಕು’ ಮತ್ತು ‘ವ್ಯಂಗ್ಯ’: ಒಂದು ಅರ್ಥವಿಚಾರ

ಅಲಂಕಾರಶಾಸ್ತ್ರವನ್ನು ಪಾಠಹೇಳುವಾಗ ‘ರಸವು ಎಂದಿಗೂ ವ್ಯಂಗ್ಯವೇ ಹೊರತು ವಾಚ್ಯವಲ್ಲ’ ಎಂಬ ಮಾತು ಬಂದೇ ಬರುತ್ತದೆ. ಕನ್ನಡವೇ ಮನೆಮಾತಾಗಿರುವ ವಿದ್ಯಾರ್ಥಿಗೆ ಇದರಿಂದ ಏನು ತೋರೀತು? ಅವನ ಊರಿನಲ್ಲಿ ‘ಏನಯ್ಯ, ವ್ಯಂಗ್ಯವಾಡುತ್ತೀಯಾ?’ ಎಂದರೆ ಅದು ಜಗಳಕ್ಕೆ ಪೀಠಿಕೆ. ಕರುಣರಸವು ವ್ಯಂಗ್ಯವೆಂದು ಕೇಳಿ, ಕವಿಯು ದುಃಖಿತರನ್ನು ಚುಚ್ಚಿ ಆಡಿದನೆಂದು ಅವನು ಭಾವಿಸಿದರೆ ದೋಷವು ಅವನದಲ್ಲ. ಒಂದೇ ಶಬ್ದವು ಎರಡು ಎಡೆಗಳಲ್ಲಿ ಎರಡು ಬಗೆಯಾಗಿ ನಡೆಯುತ್ತಿರುವುದನ್ನು ತಿಳಿಸದ ಅಧ್ಯಾಪಕರದು. ಆದುದರಿಂದ ಈ ಶಬ್ದವನ್ನೂ, ಇದಕ್ಕೆ ನೆರೆಯಾದ ‘ಕೊಂಕು’ ಎಂಬ ದೇಶ್ಯಶಬ್ದವನ್ನೂ ಕುರಿತು ಸ್ವಲ್ಪ ವಿಚಾರಮಾಡುವುದು ಉಚಿತವೆಂದು ತೋರುತ್ತದೆ.

‘ವ್ಯಂಗ್ಯ’ವು ‘ವಿ’ ಎಂಬ ಉಪಸರ್ಗದೊಡನೆ ಕೂಡಿದ ‘ಅಂಜ್’ ಧಾತುವಿನಿಂದ ಬಂದುದು. ವ್ಯಕ್ತವಾಗತಕ್ಕದ್ದು, ಬೆಳಕಿಗೆ ಬರತಕ್ಕದ್ದು ಎಂದು ಇದರ ಅರ್ಥ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ದೀಪವನ್ನೂ ಘಟವನ್ನೂ ದೃಷ್ಟಾಂತವಾಗಿ ಹೇಳಿದ್ದಾನೆ. ದೀಪವು ತಾನು ಕಾಣಿಸುತ್ತಲೇ ಘಟವನ್ನೂ ಕಾಣಿಸುವಂತೆ, ವಾಚ್ಯಾರ್ಥವು ತಾನು ತೋರುತ್ತಲೇ ಮತ್ತೊಂದು ಅರ್ಥವನ್ನೂ ತೋರಿಸುತ್ತದೆ. ಆ ಮತ್ತೊಂದೇ ವ್ಯಂಗ್ಯ. ಅದು ವಸ್ತು, ಅಲಂಕಾರ, ರಸ ಎಂದು ಮೂರು ಬಗೆ. ಇಲ್ಲೆಲ್ಲಿಯೂ ನಿಂದೆಯ ಸೋಂಕಿಲ್ಲ.

ಹಾಗಿರಲು ಕನ್ನಡದ ಬಳಕೆಯಲ್ಲಿ ಈ ಶಬ್ದವು ಚುಚ್ಚುಮಾತಿಗೆ ಮೀಸಲಾದುದು ಹೇಗೆ? ಕಾರಣವನ್ನು ಊಹಿಸುವುದು ಕಷ್ಟವಲ್ಲ. ಲೋಕವ್ಯವಹಾರದಲ್ಲಿ ಹೊಗಳಬೇಕಾದವನು ಬಾಯಿತೆರೆದು ಹೊಗಳುತ್ತಾನೆ; ಮಾತನ್ನು ಮರೆಮಾಡಬೇಕಾದ ಪ್ರಸಂಗವು ಹೆಚ್ಚಾಗಿ ದೂರುವಾಗಲೇ ಬರುತ್ತದೆ. ಸಾಮಾನ್ಯವಾಚಕವಾದ ಶಬ್ದವು ತನ್ನ ವಿಶೇಷಗಳಲ್ಲಿ ಹೆಚ್ಚು ಬಳಕೆಯಾದ ಒಂದಕ್ಕೇ ಕ್ರಮೇಣ ಅಂಟಿಕೊಂಡಿತು. ಶಾಸ್ತ್ರಾರ್ಥವು ಕನ್ನಡಿಗರಿಗೆ ಹೊಸದೆಂದು ಮಾತ್ರ ತಿಳಿಯಬಾರದು. ಅದೇ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಧ್ವನಿಯನ್ನು ಅಲಂಕಾರಗಳಲ್ಲಿ ಒಂದಾಗಿ ಹೇಳಿದೆ. ಆದರೆ ಆ ಅರ್ಥವು ಪಂಡಿತರ ಮಠಗಳಲ್ಲಿ ಉಳಿಯಿತು. ಈ ಅರ್ಥವು ಜಗಲಿಗೆ ಇಳಿಯಿತು.

ಜಗಲಿಯಲ್ಲಿ ಈ ಕೆಲಸಕ್ಕೆ ಅಚ್ಚಗನ್ನಡದ ಶಬ್ದವೊಂದುಂಟು, ಅದೇ ‘ಕೊಂಕು’. ಬಾಗು, ವಕ್ರತೆ ಎಂಬುದು ಅದರ ಮೂಲಾರ್ಥ. ಬಾಗಿದ ಕೊಕ್ಕೆಯು ‘ಕೊಂಕಿ’. ಸುರುಳಿಗೊಂಡ ಮುಂಗುರುಳು ‘ಕೊಂಕುಗುರುಳ್’. ಕುರುಳಿನಲ್ಲಿ ಕೊಂಕು ಚೆಲುವು, ನುಡಿಯಲ್ಲಿ ಕೊಂಕು ಕುಂದು. ಸಂಸ್ಕೃತದಲ್ಲಿ ಇದೇ ಬಾಗನ್ನು ಹೇಳುವ ‘ವಕ್ರ’ ಶಬ್ದಕ್ಕಾದರೋ ನುಡಿಯಲ್ಲಿಯೇ ಮನ್ನಣೆ ದೊರೆಯಿತು: ‘ವಕ್ರೋಕ್ತಿಜೀವಿತ’ವನ್ನು ರಚಿಸಿದ ಕುಂತಕನಿಗೆ ವಕ್ರೋಕ್ತಿಯೇ ಕಾವ್ಯದ ಜೀವ. ‘ಕೊಂಕುನುಡಿ’ ಎಂಬುದು ‘ವಕ್ರೋಕ್ತಿ’ಗೆ ಅಕ್ಷರಶಃ ಸಮಾನವಾಗಿದ್ದರೂ ಒಂದು ಪ್ರಶಂಸೆ, ಮತ್ತೊಂದು ದೂರು. ಕವಿಯು ಮಾತನ್ನು ಬಾಗಿಸುವುದು ಸೊಗಸಿಗಾಗಿ. ಕೊಂಕಾಡುವವನು ಬಾಗಿಸುವುದು ತಾಗಿಸುವುದಕ್ಕಾಗಿ. ಪ್ರಯೋಜನಭೇದದಿಂದಲೇ ಈ ಭೇದವೆಂದು ತಿಳಿಯತಕ್ಕದ್ದು.

ನೆರೆಯ ಶಬ್ದಗಳಿಂದ ಇದನ್ನು ಬೇರ್ಪಡಿಸಬೇಕು. ‘ಮೂದಲೆ’ಯು ನೇರವಾದುದು, ಎದುರಾಳಿಯನ್ನು ಕರೆದು ಆಡುವುದು, ರನ್ನನ ‘ಸಾಹಸಭೀಮವಿಜಯ’ದಲ್ಲಿ ಕೊಳದಲ್ಲಿ ಅಡಗಿದ ದುರ್ಯೋಧನನನ್ನು ಕುರಿತು ಭೀಮನು ಗರ್ಜಿಸುವುದು ಮೂದಲೆ, ಅದನ್ನು ಕೊಂಕೆನ್ನುವವರಿಲ್ಲ. ‘ಕಟಕಿ’ಯಲ್ಲಿ ಮಾತು ಮರೆಯಾಗಿದ್ದರೂ ಆಡಿದ್ದು ಯಾರನ್ನೆಂಬುದು ಮರೆಯಲ್ಲ. ‘ಸುತ್ತಿ ಬಳಸಿ’ ಆಡುವ ಮಾತಿಗೆ ದೂರ ಹೆಚ್ಚು, ಮೊನೆಯಿಲ್ಲ. ಕೊಂಕಿಗಾದರೋ ಮೊನೆಯೂ ಉಂಟು, ಮರೆಯೂ ಉಂಟು. ಬೇಕಾದರೆ ‘ನಾನು ನಿನ್ನನ್ನು ಕುರಿತು ಹೇಳಲಿಲ್ಲ’ ಎಂದು ಹಿಂದೆಗೆಯಲು ದಾರಿಯೂ ಉಂಟು. ‘ಕೊಂಕು ತೆಗೆಯುವುದು’ ಎಂದು ತಪ್ಪು ಹುಡುಕುವ ಅರ್ಥದಲ್ಲಿ ಬಳಸುವುದು ಇದರಿಂದ ಬೆಳೆದ ಕವಲು.

ಈ ಹಿಂದೆಗೆಯುವ ದಾರಿಯ ಬೆಲೆಯನ್ನು ತಿಳಿಯಬೇಕಾದರೆ ಹಾಸನ ಜಿಲ್ಲೆಯ ಆಲೂರು ಮತ್ತು ಸಕಲೇಶಪುರದ (ಹಿಂದಿನ ಮಂಜರಾಬಾದಿನ) ಮಲೆಗಳ ಬಾಳುವೆಯನ್ನು ನೋಡಬೇಕು. ಅಲ್ಲಿ ಗುಡ್ಡಕ್ಕೊಂದು ಕಣಿವೆಗೊಂದು ಮನೆ. ಮೇಲೆ ಕಾಫಿ ಏಲಕ್ಕಿಯ ತೋಟ, ತಗ್ಗಿನಲ್ಲಿ ಗದ್ದೆ. ಮಳೆ ಹಿಡಿದ ಮೇಲೆ ನಾಟಿಯನ್ನು ಕೆಲವೇ ದಿನಗಳಲ್ಲಿ ಮುಗಿಸಬೇಕು. ಇವರ ಗದ್ದೆಗೆ ಅವರು, ಅವರ ಗದ್ದೆಗೆ ಇವರು ಆಳಾಗಿ ಹೋಗುವ ‘ಮುಯ್ಯಾಳು’ ಪದ್ಧತಿಯು ಹಿಂದೆ ಇಂತಹ ಸೀಮೆಗಳಲ್ಲಿ ಬಹಳವಾಗಿ ನಡೆಯುತ್ತಿತ್ತು. ನೆರೆಯವನೊಡನೆ ಮಾತುಬಿಟ್ಟರೆ ಗದ್ದೆ ಬೀಳು. ಸುಮ್ಮನಿದ್ದರೆ ಮುಯ್ಯಿ ತೀರದು.

ಒಂದು ಸಂದರ್ಭವನ್ನು ಭಾವಿಸೋಣ. ಮುಯ್ಯಿಗೆ ಆಳು ಕಳುಹಿಸದ ಮನೆಯವನು ಬದುವಿನ ಮೇಲೆ ಹಾದುಹೋಗುತ್ತಿದ್ದಾನೆ. ನಾಟಿಮಾಡುತ್ತಿರುವ ಹಿರಿಯಳು ಅವನತ್ತ ತಲೆಯೆತ್ತದೆ ಪಕ್ಕದ ಹೆಣ್ಣುಮಗಳಿಗೆ, ‘ಹೊಳೆ ತುಂಬಿತ್ತೇನೋ ಕಣೆ, ಕೆಲವರಿಗೆ ಈಚೆ ದಾಟಕ್ಕೇ ಆಗ್ಲಿಲ್ಲ’ ಎನ್ನುತ್ತಾಳೆ. ಎರಡು ಮನೆಗಳ ನಡುವೆ ಇರುವುದು ಒಂದು ಕಾಲುವೆ. ಹೇಮಾವತಿಯು ಹರಿಯುವುದು ಬಹುದೂರದಲ್ಲಿ.

ಹನ್ನೊಂದನೆಯ ಶತಮಾನದ ಮಮ್ಮಟನು ‘ಕಾವ್ಯಪ್ರಕಾಶ’ದ ಮೂರನೆಯ ಉಲ್ಲಾಸದಲ್ಲಿ, ಅರ್ಥವು ವ್ಯಂಜಕವಾಗಲು ಸಹಾಯಮಾಡುವ ವಿಶೇಷಗಳನ್ನು ಎಣಿಸುತ್ತಾನೆ: ಹೇಳುವವರು, ಕೇಳುವವರು, ಕಾಕು ಎಂಬ ಸ್ವರವಿಕಾರ, ಅನ್ಯರ ಸನ್ನಿಧಿ, ಪ್ರಸ್ತಾವ, ದೇಶ, ಕಾಲ ಮೊದಲಾದುವು. ಆ ಹಿರಿಯಳ ಮಾತನ್ನು ಇವುಗಳಿಂದ ಅಳೆಯಬಹುದು. ಅಡ್ಡವಾಗಿ ಹೊಳೆಯಿಲ್ಲವೆಂಬುದು ದೇಶ. ನಾಟಿಯ ದಿನವೆಂಬುದು ಕಾಲ. ‘ಕೆಲವರಿಗೆ’ ಎಂಬಲ್ಲಿ ಎಳೆದ ಸ್ವರವು ಕಾಕು. ಬದುವಿನ ಮೇಲಿರುವವನು ಅನ್ಯಸನ್ನಿಧಿ. ಮಾತು ಒಬ್ಬಳಿಗೆ, ಅರ್ಥ ಇನ್ನೊಬ್ಬನಿಗೆ. ಅವನು ಕೇಳಿಯೂ ಕೇಳದವನಂತೆ ಹೋಗಿ ಮರುದಿನ ಇಬ್ಬರು ಆಳುಗಳನ್ನು ಕಳುಹಿಸಿದರೆ ಮುಯ್ಯಿ ತೀರಿತು, ಜಗಳವೂ ಹುಟ್ಟಲಿಲ್ಲ. ನಿಂತು ‘ನನಗೇ ಅಂದೆಯಾ?’ ಎಂದನೋ, ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಈ ಗಾದೆಯೇ ಕೊಂಕಿನ ಲಕ್ಷಣವಾಕ್ಯವೆನ್ನಬಹುದು: ಹೆಸರು ಹೇಳದೆ ಆಡಿದ ಮಾತಿಗೆ ಹೆಗಲನ್ನು ತಂದುಕೊಡುವವನು ಕೇಳುವವನೇ.

ಎಲ್ಲ ಕೊಂಕೂ ಇಷ್ಟು ಗಡುಸಲ್ಲ. ನೀರುಗಾಫಿಯನ್ನು ಕೈಗೆ ಕೊಟ್ಟಾಗ ಮೈದುನನು, ‘ಭಾವ, ಈ ಸಲ ನಿಮ್ ತೋಟಕ್ಕೆ ಮಳೆ ಚೆನ್ನಾಗಿ ಆಗದೆ ಅಂತ ಲೋಟ ನೋಡಿದ್ರೇ ಗೊತ್ತಾಗ್ತದೆ’ ಎಂದರೆ ಭಾವನೂ ನಗುತ್ತಾನೆ. ಸರಸದ ನಂಟಿನಲ್ಲಿ ಕೊಂಕಿಗೆ ಸಲಿಗೆಯುಂಟು. ಇದೇ ಮಾತನ್ನು ಹೊಸ ಬೀಗನು ಆಡಿದರೆ ನಂಟು ಮುರಿದೀತು. ‘ವಕ್ತೃವಿಶೇಷ’ವೆಂದರೆ ಇದೇ.

ಇಷ್ಟರಿಂದ ನಿಷ್ಪನ್ನವಾಗುವುದೇನೆಂದರೆ: ಕೊಂಕೆಲ್ಲವೂ ವ್ಯಂಗ್ಯದಿಂದಲೇ ನಡೆಯುವುದು, ವ್ಯಂಗ್ಯವೆಲ್ಲವೂ ಕೊಂಕಲ್ಲ. ಕೊಂಕಿನಿಂದ ಹೊರಡುವ ಅರ್ಥವು ಮೂರು ಬಗೆಗಳಲ್ಲಿ ವಸ್ತುಮಾತ್ರ. ಅದನ್ನು ಬೇಕಾದರೆ ‘ನೀನು ಮುಯ್ಯಿ ತೀರಿಸಲಿಲ್ಲ’ ಎಂದು ವಾಚ್ಯವಾಗಿಯೂ ಹೇಳಬಹುದು. ರಸವನ್ನು ಹಾಗೆ ಹೇಳಲಾಗದು. ಹೆಸರಿಟ್ಟು ಹೇಳಿದರೆ ಅದು ದೋಷವೆಂದೇ ಶಾಸ್ತ್ರಕಾರರ ಮತ. ಆದುದರಿಂದ ಪಾಠಹೇಳುವವರು ಶಾಸ್ತ್ರದ ಸಂದರ್ಭದಲ್ಲಿ ‘ವ್ಯಂಗ್ಯಾರ್ಥ’ ಅಥವಾ ‘ಧ್ವನ್ಯರ್ಥ’ವೆಂದೂ, ಪಾತ್ರಗಳ ಚುಚ್ಚುಮಾತನ್ನು ವಿವರಿಸುವಾಗ ಕೊಂಕು, ಕಟಕಿ, ಮೂದಲೆಗಳಲ್ಲಿ ತಕ್ಕುದನ್ನು ಆರಿಸಿಯೂ ಬಳಸಿದರೆ ಗೊಂದಲವು ಬಹುಮಟ್ಟಿಗೆ ತೀರುವುದು. ಮೊದಲು ವಿದ್ಯಾರ್ಥಿಯ ಊರಿನದೇ ಒಂದು ಕೊಂಕುನುಡಿಯನ್ನು ಅವನಿಂದ ಹೇಳಿಸಿ, ಅದರಲ್ಲಿ ಕಾಕುವನ್ನೂ ಅನ್ಯಸನ್ನಿಧಿಯನ್ನೂ ಅವನೇ ಕಂಡುಕೊಳ್ಳುವಂತೆ ಮಾಡಿ, ಅನಂತರ ರಸಧ್ವನಿಗೆ ಏರುವುದು ಸುಲಭವಾದ ಕ್ರಮ. ಬೇರೆ ಬೇರೆ ಸೀಮೆಗಳ ಕೊಂಕುನುಡಿಗಳನ್ನು ಸಂದರ್ಭಸಹಿತವಾಗಿ ಸಂಗ್ರಹಿಸಿ ಪ್ರಕಟಿಸಬೇಕೆಂದು ವಿದ್ವಾಂಸರಲ್ಲಿ ವಿಜ್ಞಾಪನೆ. ಸಂದರ್ಭವು ಮರೆತುಹೋದರೆ ಕೊಂಕಿನಲ್ಲಿ ಉಳಿಯುವುದು ಬರಿಯ ವಾಚ್ಯಾರ್ಥ.