ಕ್ರಿಸ್‌ಮಸ್ ವಿಹಾರ: ನಾಲ್ಕು ಭಾನುವಾರಗಳ ವ್ಯಾಪಾರ

ಜರ್ಮನಿಯ ಮಕ್ಕಳಿಗೆ ಕ್ರಿಸ್‌ಮಸ್ ಒಂದು ದಿನದ ಹಬ್ಬವಲ್ಲ. ಡಿಸೆಂಬರ್ 25ಕ್ಕೆ ಮುಂಚಿನ ನಾಲ್ಕು ಭಾನುವಾರಗಳು ‘ಅಡ್ವೆಂಟ್’ ದಿನಗಳು. ನಡುವೆ 6ರಂದು ಸಂತ ನಿಕೋಲಸ್ ದಿನ. ಭಾನುವಾರ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುವುದರಿಂದ ಕುಟುಂಬಗಳು ಮಕ್ಕಳೊಡನೆ ಬಯಲು ಮಾರುಕಟ್ಟೆಗಳಿಗೆ ತೆರಳುತ್ತವೆ. ಹೀಗೆ ಒಂದೇ ಹಬ್ಬಕ್ಕೆ ನಾಲ್ಕೈದು ವಿಹಾರಗಳಿಗೆ ಅವಕಾಶವುಂಟು.

ನ್ಯೂರೆಂಬರ್ಗ್ ನಗರದ ಕ್ರಿಸ್‌ಮಸ್ ಮಾರುಕಟ್ಟೆಗೆ 1628ರ ದಾಖಲೆಯಿದೆ. ಮೊದಲ ಅಡ್ವೆಂಟ್‌ನ ಹಿಂದಿನ ಶುಕ್ರವಾರ ಆರಂಭವಾಗಿ 24ಕ್ಕೆ ಮುಗಿಯುವ ಇದರ ಸಮೀಪದಲ್ಲೇ ಮಕ್ಕಳಿಗೆಂದು ಪ್ರತ್ಯೇಕ ಮಾರುಕಟ್ಟೆಯಿದೆ. ಅಲ್ಲಿ ತಿರುಗುಕುದುರೆಗಳೂ, ಮಕ್ಕಳೇ ಕೈಯಾರೆ ವಸ್ತುಗಳನ್ನು ತಯಾರಿಸುವ ಮಳಿಗೆಗಳೂ ಉಂಟು. ಬಿಕರಿಯಾಗುವುದು ಬಹುತೇಕ ಜಿಂಜರ್‌ಬ್ರೆಡ್, ಮರದ ಗೊಂಬೆ, ಅಲಂಕಾರ ಸಾಮಗ್ರಿ. ಖರೀದಿ ಚಿಕ್ಕದು, ಭೇಟಿ ಹಲವು: ಲಾಭದ ಗುಟ್ಟು ಇದೇ.

ಇದೇ ನಗರದಲ್ಲಿ 1950ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಆಟಿಕೆ ಮೇಳ ನಡೆಯುವುದು ಡಿಸೆಂಬರಿನಲ್ಲಲ್ಲ, ವರ್ಷಾರಂಭದಲ್ಲಿ. ಎಂದರೆ ಹಬ್ಬದ ಮಾದರಿಗಳು ಹತ್ತು ತಿಂಗಳು ಮೊದಲೇ ಸಿದ್ಧವಿರಬೇಕು. ಚನ್ನಪಟ್ಟಣದ ಅರಗಿನ ಆಟಿಕೆಗಳ ತಯಾರಕರೂ ಇದನ್ನು ಗಮನಿಸಬೇಕು. ಐರೋಪ್ಯ ಒಕ್ಕೂಟದಲ್ಲಿ ಮಾರುವ ಆಟಿಕೆಗೆ ‘ಸಿಇ’ ಗುರುತು ಕಡ್ಡಾಯ. ಪರೀಕ್ಷೆಗೂ ಹಡಗಿನ ಸಾಗಣೆಗೂ ಕಾಲ ಬೇಕು. 24ರ ನಂತರ ತಲುಪಿದ ಹಬ್ಬದ ಸರಕು ಗೋದಾಮು ಸೇರಿ, ಸಣ್ಣ ಉದ್ಯಮಿಯ ಬಂಡವಾಳವನ್ನು ಮುಂದಿನ ಡಿಸೆಂಬರಿನವರೆಗೆ ಕಟ್ಟಿಹಾಕುತ್ತದೆ.